ಗರ್ಭ ನಿಲ್ಲದಿದ್ದರೆ ಹೆಣ್ಣನ್ನು ದೂರಬೇಡಿ

ಗಂಜಾಂನ ಕಾವೇರಿ ದಡದಲ್ಲಿರುವ ನಿಮಿಷಾಂಬ ದೇವಸ್ಥಾನಕ್ಕೆ ಸಂತಾನದ ಹರಕೆ ಹೊತ್ತು ಬರುವ ದಂಪತಿಗಳು ಅನೇಕರು. ಆದರೆ ಗರ್ಭ ಕಟ್ಟಿಯೂ ಎರಡು ತಿಂಗಳಿಗೇ ಇಳಿದುಹೋದರೆ ನಮ್ಮ ಎಷ್ಟೋ ಮನೆಗಳಲ್ಲಿ ಮಾತು ಬೀಳುವುದು ಸೊಸೆಯ ಮೇಲೆ. ಆ ಮಾತಿನ ಹಿಂದಿರುವ ನಾಲ್ಕು ನಂಬಿಕೆಗಳನ್ನು ಒರೆಗೆ ಹಚ್ಚೋಣ.

ತಪ್ಪು ಕಲ್ಪನೆ 1: ಗರ್ಭ ನಿಲ್ಲದಿದ್ದರೆ ಗರ್ಭಕೋಶಕ್ಕೆ ಶಕ್ತಿಯಿಲ್ಲ.
ಸತ್ಯ: ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ವರ್ಣತಂತುಗಳ ಸಂಖ್ಯೆಯಲ್ಲಾಗುವ ಏರುಪೇರು. ಅಂಡ, ವೀರ್ಯಾಣು ರೂಪುಗೊಳ್ಳುವಾಗಲೋ ಅವು ಕೂಡಿದ ಬೆನ್ನಲ್ಲೋ ಆಗುವ ತಪ್ಪು ಅದು. ಅಂಟಿಕೊಳ್ಳುವ ಕೆಲಸವೂ ಗರ್ಭಕೋಶ ಒಂದರದ್ದೇ ಅಲ್ಲ: ಭ್ರೂಣ ತನ್ನ ಹೊರಕವಚವನ್ನು ಕಳಚಿಕೊಂಡ ಮೇಲೆಯೇ ಗರ್ಭಕೋಶಕ್ಕೆ ಅಂಟಬಲ್ಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪೊಲಾನಿ ಶೇಷಗಿರಿ ಅವರ ತಂಡ ಇಲಿಯಂಥ ಪ್ರಾಣಿಗಳಾದ ಹ್ಯಾಮ್‌ಸ್ಟರ್‌ಗಳಲ್ಲಿ, ಕವಚ ಕಳಚುವ ಈ ಹಂತವನ್ನು ಅಧ್ಯಯನ ಮಾಡಿದೆ. ಗರ್ಭ ಕಟ್ಟುವುದರಲ್ಲಿ ಭ್ರೂಣದ ಪಾಲೂ ಇದೆ, ಗರ್ಭಕೋಶದ ಒಳಪದರದ ಪಾಲೂ ಇದೆ.

ತಪ್ಪು ಕಲ್ಪನೆ 2: ಒಳಪದರ ದಪ್ಪಗಿದ್ದರೆ ಸಾಕು.
ಸತ್ಯ: ಸ್ಕ್ಯಾನ್ ದಪ್ಪವನ್ನು ತೋರಿಸುತ್ತದೆ, ಸಿದ್ಧತೆಯನ್ನಲ್ಲ. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಹಾರ್ಮೋನ್ ಒಳಪದರದ ಜೀವಕೋಶಗಳ ರೂಪವನ್ನೂ ಕೆಲಸವನ್ನೂ ಬದಲಿಸುತ್ತದೆ. ಆಗ ಡಿಎನ್‌ಎಯ ಅಕ್ಷರಗಳು ಬದಲಾಗುವುದಿಲ್ಲ. ಅದಕ್ಕೆ ಅಂಟುವ ಮೀಥೈಲ್ ಗುರುತುಗಳು, ಅದು ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನ್‌ಗಳ ಮೇಲಿನ ಗುರುತುಗಳು ಬದಲಾಗುತ್ತವೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ಯಾವ ತೂಬು ಎತ್ತಿದರೆ ಯಾವ ಗದ್ದೆಗೆ ನೀರು ಎಂಬಂತೆ, ಯಾವ ವಂಶವಾಹಿ ಯಾವಾಗ ಕೆಲಸ ಮಾಡಬೇಕೆಂದು ಈ ಗುರುತುಗಳು ನಿರ್ಧರಿಸುತ್ತವೆ. ಇದೇ ಎಪಿಜೆನೆಟಿಕ್ ನಿಯಂತ್ರಣ. ಎಂಡೊಮೆಟ್ರಿಯೋಸಿಸ್ (ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ) ಇರುವ ಕೆಲವರಲ್ಲಿ, ಭ್ರೂಣ ಅಂಟಲು ನೆರವಾಗುವ ಹಾಕ್ಸ್‌ಎ10 ಎಂಬ ಮುಖ್ಯ ವಂಶವಾಹಿಯ ಮೇಲೆ ಮೀಥೈಲ್ ಹೆಚ್ಚಾಗಿ, ಅದರ ಕೆಲಸ ಕುಗ್ಗಿರುವುದು ಕಂಡುಬಂದಿದೆ. ಇದು ಜೀವಕೋಶದೊಳಗಿನ ವಿಷಯ, ಹೆಣ್ಣಿನ ನಡತೆಯದ್ದಲ್ಲ.

ತಪ್ಪು ಕಲ್ಪನೆ 3: ಓಡಾಡಿದರೆ, ಬಸ್ಸಿನಲ್ಲಿ ಕುಲುಕಿದರೆ ಗರ್ಭ ಜಾರುತ್ತದೆ.
ಸತ್ಯ: ಅಂಡ ಬಿಡುಗಡೆಯಾದ 6ರಿಂದ 10 ದಿನಗಳೊಳಗೆ ಭ್ರೂಣ ಸಾಮಾನ್ಯವಾಗಿ ಒಳಪದರಕ್ಕೆ ಅಂಟಿ, ಅದರೊಳಗೆ ಹುದುಗಿಕೊಳ್ಳುತ್ತದೆ. ಕುಲುಕಾಟಕ್ಕೆ ಅದು ಜಾರಿಬೀಳುವುದಿಲ್ಲ. ಹಾಸಿಗೆ ಹಿಡಿದು ಮಲಗಿದರೆ ಗರ್ಭಪಾತ ತಪ್ಪುತ್ತದೆ ಎಂಬುದಕ್ಕೂ ಪುರಾವೆಯಿಲ್ಲ.

ತಪ್ಪು ಕಲ್ಪನೆ 4: ಫೋಲಿಕ್ ಆಮ್ಲದ ಮಾತ್ರೆ ಮೂರು ತಿಂಗಳು ತುಂಬಿದ ಮೇಲೆ ಸಾಕು.
ಸತ್ಯ: ಮಗುವಿನ ಮೆದುಳು, ಬೆನ್ನುಹುರಿಯ ನಳಿಕೆ ಮುಚ್ಚಿಕೊಳ್ಳುವುದು ಗರ್ಭಧಾರಣೆಯಾದ ಸುಮಾರು 28 ದಿನಗಳಲ್ಲೇ. ಆದ್ದರಿಂದ ಮಗು ಬೇಕೆಂದು ನಿರ್ಧರಿಸಿದಾಗಲೇ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಶುರುವಾಗಬೇಕು. ಡಿಎನ್‌ಎಗೆ ಮೀಥೈಲ್ ಒದಗಲೂ ಫೋಲೇಟ್ ಬೇಕು. ಸೊಪ್ಪು, ಕಾಳು ಬೇಯಿಸಿದ ನೀರಿಗೆ ಫೋಲೇಟ್ ಇಳಿಯುತ್ತದೆ. ಆ ಕಟ್ಟನ್ನು ಚೆಲ್ಲದೆ ಮಾಡುವ ನಮ್ಮ ಬಸ್ಸಾರು ಒಳ್ಳೆಯ ಊಟ. ಆದರೆ ಊಟ ಮಾತ್ರೆಗೆ ಬದಲಲ್ಲ. ಒಳಪದರವನ್ನು ಸಿದ್ಧಗೊಳಿಸುವ ವಿಶೇಷ ಆಹಾರ ಯಾವುದೂ ಸಾಬೀತಾಗಿಲ್ಲ.

ಗರ್ಭಿಣಿಗೆ ರಕ್ತಸ್ರಾವ, ಹೊಟ್ಟೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಎರಡು ಬಾರಿ ಗರ್ಭ ಹೋದರೆ ಗಂಡ ಹೆಂಡತಿ ಇಬ್ಬರೂ ಜೊತೆಯಾಗಿ ತಜ್ಞರನ್ನು ಕಾಣಿ. ಥೈರಾಯ್ಡ್, ಸಕ್ಕರೆ ಕಾಯಿಲೆ, ರಕ್ತ ಹೆಪ್ಪುಗಟ್ಟುವ ತೊಂದರೆಯಂಥ ಕಾರಣಗಳಿದ್ದರೆ ಚಿಕಿತ್ಸೆ ಇದೆ. ಕಾರಣ ಹುಡುಕಬೇಕಾದ್ದು ಪರೀಕ್ಷೆಯಲ್ಲಿ, ಸೊಸೆಯ ತಪ್ಪಿನಲ್ಲಲ್ಲ.