ಮಿಲಿಕನ್ಸ್ ಬೆಂಡ್: ನದಿಯ ಏರಿಯ ಮೇಲೆ ಸಿಕ್ಕ ಉತ್ತರ

ನಿನ್ನೆಮೊನ್ನೆಯವರೆಗೆ ಹತ್ತಿಹೊಲದಲ್ಲಿ ಗುಲಾಮನಾಗಿ ದುಡಿದವನು ಬಂದೂಕು ಹಿಡಿದು ರಣದಲ್ಲಿ ನಿಲ್ಲಬಲ್ಲನೇ? 1863ರಲ್ಲಿ, ಅಮೆರಿಕದ ಅಂತರ್ಯುದ್ಧದ ನಡುವೆ, ಉತ್ತರದ ಸೇನಾಧಿಕಾರಿಗಳಲ್ಲೇ ಅನೇಕರಿಗೆ ಈ ಅನುಮಾನವಿತ್ತು. ಅದಕ್ಕೆ ಉತ್ತರ ಸಿಕ್ಕ ಜಾಗಗಳಲ್ಲಿ ಮಿಲಿಕನ್ಸ್ ಬೆಂಡ್ ಒಂದು.

ಆಗ ಉತ್ತರದ ಜನರಲ್ ಗ್ರ್ಯಾಂಟ್, ದಕ್ಷಿಣದವರ ಕೈಯಲ್ಲಿದ್ದ ಮಿಸಿಸಿಪಿ ನದಿದಡದ ವಿಕ್ಸ್‌ಬರ್ಗ್ ಕೋಟೆಗೆ ಮುತ್ತಿಗೆ ಹಾಕಿದ್ದರು. ಅಲ್ಲಿಂದ ಸುಮಾರು 15 ಮೈಲಿ ಮೇಲಕ್ಕೆ, ಲೂಯಿಸಿಯಾನದ ದಡದ ಮಿಲಿಕನ್ಸ್ ಬೆಂಡ್‌ನಲ್ಲಿ ಅವರ ಹಳೆಯ ಸರಬರಾಜು ಠಾಣೆಯಿತ್ತು. ಅದನ್ನು ಕಿತ್ತುಕೊಂಡರೆ ಗ್ರ್ಯಾಂಟ್ ಸೇನೆಗೆ ಅನ್ನ, ಮದ್ದುಗುಂಡು ನಿಲ್ಲುತ್ತದೆಂದು ದಕ್ಷಿಣದವರು ಲೆಕ್ಕ ಹಾಕಿದರು. ಆದರೆ ಸರಬರಾಜಿನ ದಾರಿ ಅಷ್ಟರಲ್ಲೇ ಬೇರೆ ಕಡೆಗೆ ಬದಲಾಗಿತ್ತು.

ಠಾಣೆಯ ಕಾವಲಿಗಿದ್ದವರು ಸಾವಿರಕ್ಕೆ ಸ್ವಲ್ಪ ಹೆಚ್ಚು ಮಂದಿ. ಬಹುಪಾಲು ಗುಲಾಮಗಿರಿಯಿಂದ ಬಂದ ಕಪ್ಪು ಸೈನಿಕರು. ಜೊತೆಗೆ ಅಯೋವಾದ ಒಂದು ಬಿಳಿಯರ ತುಕಡಿ. ಕಪ್ಪು ಸೈನಿಕರು ಪಡೆಗೆ ಸೇರಿ ಕೆಲವೇ ವಾರಗಳಾಗಿದ್ದವು. ಗುರಿಯಿಟ್ಟು ಹೊಡೆಯುವ ಅಭ್ಯಾಸವೂ ಸರಿಯಾಗಿ ಆಗಿರಲಿಲ್ಲ.

ಜೂನ್ 7ರ ನಸುಕಿನಲ್ಲಿ ದಕ್ಷಿಣದ ದಳಪತಿ ಹೆನ್ರಿ ಮೆಕ್ಯುಲಕ್‌ನ ಸುಮಾರು 1,500 ಟೆಕ್ಸಾಸ್ ಸೈನಿಕರು ಮೇಲೆ ಬಿದ್ದರು. ಪ್ರವಾಹ ತಡೆಯಲು ಕಟ್ಟಿದ್ದ ನದಿಯ ಏರಿಯೇ ಕಾವಲಿನವರಿಗೆ ಕೋಟೆಗೋಡೆ. ಅದರ ಮೇಲೆ ಹತ್ತಿಯ ಅಂಡಿಗೆಗಳನ್ನು ಒಟ್ಟಿದ್ದರು. ಬಂದೂಕಿಗೆ ಮತ್ತೆ ಮದ್ದು ತುಂಬುವಷ್ಟರಲ್ಲಿ ವೈರಿ ಏರಿಯ ಮೇಲೆ ಬಂದಾಗಿತ್ತು. ಮುಂದಿನದು ಕೈಗೆ ಕೈ ಕಾದಾಟ: ಬಯೊನೆಟ್ಟಿನ ತಿವಿತ, ಬಂದೂಕಿನ ಬುಡದ ಹೊಡೆತ. ಕಾವಲಿನವರು ನದಿದಡದ ನೀರಂಚಿಗೆ ಹಿಂದೆ ಸರಿದರೂ ಚದುರಲಿಲ್ಲ. ಕೊನೆಗೆ ಚಾಕ್ಟಾ ಎಂಬ ಫಿರಂಗಿ ನೌಕೆಯ ಗುಂಡಿನ ಬೆಂಬಲ ಸಿಕ್ಕು, ಟೆಕ್ಸಾಸಿನವರು ಹಿಮ್ಮೆಟ್ಟಿದರು.

ಬೆಲೆ ದೊಡ್ಡದು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಉತ್ತರದ ಕಡೆ ಸುಮಾರು 650. ದಕ್ಷಿಣದ ಕಡೆ 185. ಕಪ್ಪು ಸೈನಿಕರು ಹಟ ಹಿಡಿದು ಕಾದಿದರೆಂದು ಮೆಕ್ಯುಲಕ್ ತನ್ನ ವರದಿಯಲ್ಲೇ ಒಪ್ಪಿಕೊಂಡ. ಗ್ರ್ಯಾಂಟ್ ಸೇನೆಯ ಜೊತೆಗಿದ್ದ ಯುದ್ಧ ಇಲಾಖೆಯ ಪ್ರತಿನಿಧಿ ಚಾರ್ಲ್ಸ್ ಡೇನಾ, ಈ ಶೌರ್ಯ ಕಂಡು ಸೇನೆಯ ಅಭಿಪ್ರಾಯವೇ ಬದಲಾಯಿತೆಂದು ಬರೆದ.

ಜುಲೈ 4ಕ್ಕೆ ವಿಕ್ಸ್‌ಬರ್ಗ್ ಶರಣಾಯಿತು. ಆ ಸಂಭ್ರಮದಲ್ಲಿ ಈ ಏರಿಯ ಕಾಳಗ ಮರೆಗೆ ಸರಿಯಿತು. ಕಪ್ಪು ಸೈನಿಕರಿಗೆ ಸಮಾನ ಸಂಬಳವೂ ಒಡನೆ ದಕ್ಕಲಿಲ್ಲ. ಅದಕ್ಕೆ ಕಾಯಿದೆ ಬಂದದ್ದು 1864ರಲ್ಲಿ. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 1,79,000 ಕಪ್ಪು ಜನ ಉತ್ತರದ ಭೂಸೇನೆಯಲ್ಲಿ ದುಡಿದಿದ್ದರು. ಮಿಲಿಕನ್ಸ್ ಬೆಂಡ್‌ನ ಕಾಳಗ ನಡೆದ ಆ ದಡದ ಬಹುಭಾಗವನ್ನು ಮಿಸಿಸಿಪಿ ಇಂದು ಕೊರೆದುಕೊಂಡು ಹೋಗಿದೆ. ನೆಲ ಉಳಿಯದ ಕಡೆ ನೆನಪನ್ನಾದರೂ ಉಳಿಸಿಕೊಳ್ಳಬೇಕು.