ಆಕಾಶದ ಬರ್ತಿಗೆ ಎಷ್ಟು ತೆರಬೇಕು?

ರಾತ್ರಿ ಪ್ರಯಾಣದಲ್ಲಿ ಬರ್ತಿನ ಬೆಲೆ ಏನೆಂಬುದನ್ನು ವಿಜಯಪುರ ಜಿಲ್ಲೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಭೀಮಾ ದಂಡೆಯ ನಮ್ಮ ಅಗರಖೇಡದಿಂದ ಬೆಂಗಳೂರಿಗೆ ಹೊರಟವರು ಗೋಲಗುಂಬಜ್ ಎಕ್ಸ್‌ಪ್ರೆಸ್ ಹಿಡಿದರೆ ರಾತ್ರಿಯಿಡೀ ರೈಲಿನಲ್ಲೇ ಕಳೆಯಬೇಕು. ಮಲಗಲು ಒಂದು ಬರ್ತ್ ಕಾಯ್ದಿರಿಸಿಕೊಂಡವನನ್ನು ಊರಿನಲ್ಲಿ ಯಾರೂ ದುಂದುಗಾರ ಎನ್ನುವುದಿಲ್ಲ. ಬೆಳಗಾದ ಮೇಲೆ ಅದೇ ಬರ್ತ್ ನಾಲ್ಕು ಜನ ಕೂರುವ ಬೆಂಚು ಅಷ್ಟೆ. ವಿಮಾನದ ಬಿಸಿನೆಸ್ ದರ್ಜೆಯನ್ನೂ ಇದೇ ಕಣ್ಣಿನಿಂದ ನೋಡಬೇಕೆಂಬುದು ನನ್ನ ವಾದ.

ಈ ಲೆಕ್ಕಾಚಾರಕ್ಕೆ ನನ್ನನ್ನು ಹಚ್ಚಿದ್ದು ನನ್ನ ಅವ್ವನ ಪ್ರಯಾಣ. ವಯಸ್ಸು ಎಪ್ಪತ್ತನ್ನು ದಾಟಿದೆ, ಮೊಣಕಾಲು ಸೋತಿವೆ. ಟೋಕಿಯೊದಲ್ಲಿರುವ ಮಗಳ ಮನೆಗೆ ಹೋಗಿ ಮೊಮ್ಮಗಳನ್ನು ಎತ್ತಿಕೊಳ್ಳಬೇಕೆಂಬ ಆಸೆ. ಮಲಗಿ ಹೋಗುವ ಟಿಕೆಟಿನ ದರ ಕೇಳಿ ಅವಳೆಂದಳು: ‘ತಮ್ಮಾ, ಇಷ್ಟು ರೊಕ್ಕದಾಗ ಒಂದು ಛಲೋ ಎಮ್ಮಿ ಬರ್ತದಲ್ಲೋ!’ ನಮ್ಮ ಮಧ್ಯಮ ವರ್ಗದ ಮನಸ್ಸೂ ಇದೇ. ಮಕ್ಕಳು ಸಿಂಗಪುರದಲ್ಲೋ ಜಪಾನಿನಲ್ಲೋ ನೆಲೆಸಿದ್ದಾರೆ. ಅವರನ್ನು ಕಾಣಲು ಹೊರಟ ತಂದೆತಾಯಂದಿರು ರಾತ್ರಿಯಿಡೀ ಮೊಣಕಾಲು ಮಡಚಿ ಕುಳಿತು, ಅದನ್ನೇ ಮಿತವ್ಯಯ ಎನ್ನುತ್ತಾರೆ.

ಅಗ್ಗ ಮತ್ತು ಐಷಾರಾಮ ಎಂಬ ಎರಡು ತುದಿಗಳನ್ನು ನಮಗೆ ತೋರಿಸಿದ್ದು ಬೆಂಗಳೂರಿನವೇ ಆದ ಎರಡು ಕಂಪನಿಗಳು. ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರಲ್ಲಿ ಊಟ, ದರ್ಜೆ ಎಲ್ಲವನ್ನೂ ಬಿಟ್ಟು ಸೀಟನ್ನಷ್ಟೇ ಮಾರಿತು. ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ 2005ರಲ್ಲಿ ಬಂದು ವೈಭವವನ್ನು ಮಾರಿತು. 2012ರಲ್ಲಿ ಹಾರಾಟ ನಿಲ್ಲಿಸಿತು. ಹೀಗಾಗಿ ಮೇಲ್ದರ್ಜೆ ಎಂದೊಡನೆ ನಮಗೆ ನೆನಪಾಗುವುದು ಠೀವಿಯೇ ಹೊರತು ನಿದ್ದೆಯಲ್ಲ.

ನಿದ್ದೆಯನ್ನೇ ಅಳತೆಗೋಲಾಗಿಟ್ಟುಕೊಂಡರೆ ಲೆಕ್ಕ ಸರಳ. ಎರಡು ದರ್ಜೆಗಳ ದರದ ವ್ಯತ್ಯಾಸವನ್ನು, ನಿಜವಾಗಿ ಮಲಗಲು ಸಿಗುವ ಗಂಟೆಗಳಿಂದ ಭಾಗಿಸಬೇಕು. ಬೆಂಗಳೂರಿನಿಂದ ಸಿಂಗಪುರಕ್ಕೆ ಸುಮಾರು ನಾಲ್ಕೂವರೆ ಗಂಟೆಯ ಹಾರಾಟ. ಏರುವ, ಊಟ ಬಡಿಸುವ, ಇಳಿಯುವ ಹೊತ್ತನ್ನು ಕಳೆದರೆ ಉಳಿಯುವುದು ಹೆಚ್ಚೆಂದರೆ ಎರಡೂವರೆ ಗಂಟೆ. ವ್ಯತ್ಯಾಸ 40 ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ಗಂಟೆಯ ನಿದ್ದೆಗೆ 16 ಸಾವಿರ ತೆತ್ತಂತಾಯಿತು. ಟೋಕಿಯೊ ಹಾದಿಯಲ್ಲಿ ಆರು ಗಂಟೆ ಮಲಗಬಹುದು. ವ್ಯತ್ಯಾಸ 60 ಸಾವಿರವಾದರೂ ಗಂಟೆಗೆ ಬೀಳುವುದು ಹತ್ತೇ ಸಾವಿರ. ಒಟ್ಟು ಮೊತ್ತ ಹೆಚ್ಚಿರುವ ಟಿಕೆಟ್ಟೇ ಇಲ್ಲಿ ಸೋವಿಯದು. ಹಗಲು ಹಾರಾಟಕ್ಕಂತೂ ಈ ಲೆಕ್ಕವೇ ಬೇಡ. ನಡುಹಾದಿಯ ಪಕ್ಕದ ಸಾಮಾನ್ಯ ಆಸನ ಸಾಕು.

ದರ ಇಳಿಯುವುದಕ್ಕೂ ಒಂದು ತರ್ಕವಿದೆ. ನೇರ ಹಾರಾಟ ನಡೆಸುವ ಕಂಪನಿ ನಮ್ಮ ಸಮಯವನ್ನು ಉಳಿಸುವುದರಿಂದ ಅದಕ್ಕೂ ಬೆಲೆ ಕಟ್ಟುತ್ತದೆ. ಕೊಲಂಬೊ, ಬ್ಯಾಂಕಾಕ್, ಕ್ವಾಲಾಲಂಪುರ, ಹಾಂಗ್‌ಕಾಂಗ್‌ಗಳ ಮೂಲಕ ಒಯ್ಯುವ ಕಂಪನಿಗಳು ಆ ಪ್ರಯಾಣಿಕನನ್ನು ಸೆಳೆಯಲು ಅನೇಕ ವೇಳೆ ದರ ತಗ್ಗಿಸುತ್ತವೆ. ಆದರೆ ನಡುರಾತ್ರಿಯಲ್ಲಿ ಎಬ್ಬಿಸಿ ವಿಮಾನ ಬದಲಿಸುವ ಟಿಕೆಟ್ ಎಷ್ಟು ಅಗ್ಗವಾದರೂ ನಿದ್ದೆಯನ್ನು ಎರಡು ತುಂಡು ಮಾಡುತ್ತದೆ. ಮೊದಲ ಹಾರಾಟ ಚಿಕ್ಕದಾಗಿ, ದೀರ್ಘ ಹಾರಾಟ ರಾತ್ರಿಗೆ ಬರುವಂತಿದ್ದರೆ ಮಾತ್ರ ಅದು ಲಾಭ. ಎರಡು ಹಾರಾಟಗಳೂ ಒಂದೇ ಟಿಕೆಟಿನಲ್ಲಿರಬೇಕು. ಬೇರೆ ಬೇರೆಯಾಗಿ ಕೊಂಡರೆ, ಮೊದಲನೆಯದು ತಡವಾದಾಗ ಎರಡನೆಯ ಕಂಪನಿ ಹೊಣೆ ಹೊರುವುದಿಲ್ಲ. ವಯಸ್ಸಾದವರ ವಿಷಯದಲ್ಲಿ ಆ ಉಳಿತಾಯ ಬೇಡ.

ಹೆಸರಿಗೆ ಮರುಳಾಗುವುದೂ ಸಲ್ಲ. ಬಿಸಿನೆಸ್ ಎಂದು ಮಾರುವ ಆಸನವೊಂದು ಪೂರ್ತಿ ಚಪ್ಪಟೆಯಾಗಿ ಹಾಸಿಗೆಯಾಗುತ್ತದೆ, ಇನ್ನೊಂದು ಇಳಿಜಾರಾಗುತ್ತದೆ, ಮತ್ತೊಂದು ಆರಾಮಕುರ್ಚಿಯಂತೆ ಹಿಂದಕ್ಕೆ ವಾಲುತ್ತದೆಯಷ್ಟೆ. ಇಂಡಿಗೊ 2024ರಲ್ಲಿ ಆರಂಭಿಸಿದ ‘ಸ್ಟ್ರೆಚ್’ ಆಸನ ಅದರ ಏರ್‌ಬಸ್ 321 ವಿಮಾನಗಳಲ್ಲಿ ಅಗಲವಾದ ಕುರ್ಚಿ, ಹಾಸಿಗೆಯಲ್ಲ. ಇದಕ್ಕೆ ವಿರುದ್ಧವಾಗಿ ಜಪಾನಿನ ಅಗ್ಗದ ಕಂಪನಿ ಜಿಪ್‌ಏರ್ ಪೂರ್ತಿ ಮಲಗುವ ಆಸನವನ್ನು ಮಾರುತ್ತದೆ. ಊಟಕ್ಕೆ ಬೇರೆ ದುಡ್ಡು ಕೊಡಬೇಕು. ಬುತ್ತಿ ಕಟ್ಟಿಕೊಂಡು ಹೊರಡುವ ನಮ್ಮ ಕಡೆಯವರಿಗೆ ಇದೇನೂ ಹೊಸ ಏರ್ಪಾಡಲ್ಲ. ಟಿಕೆಟ್ ಕೊಳ್ಳುವ ಮುನ್ನ ವಿಮಾನದ ಮಾದರಿಯನ್ನೂ ಆಸನಗಳ ನಕ್ಷೆಯನ್ನೂ ನೋಡುವುದು ಜಾಣತನ.

ತೆರಿಗೆಯನ್ನು ಮರೆಯುವಂತಿಲ್ಲ. ಸಾಮಾನ್ಯ ದರ್ಜೆಗೆ ಸರಕು ಮತ್ತು ಸೇವಾ ತೆರಿಗೆ ಶೇ 5. ಮೇಲಿನ ದರ್ಜೆಗಳಿಗೆ ಶೇ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 18 ಆಯಿತು. ‘ಪ್ರೀಮಿಯಂ ಇಕಾನಮಿ’ಗೂ ಇದೇ ದರ. ಕ್ರೆಡಿಟ್ ಕಾರ್ಡಿನ ಅಂಕಗಳನ್ನು ಮೈಲುಗಳಾಗಿ ಪರಿವರ್ತಿಸಿ ಟಿಕೆಟ್ ಪಡೆಯುವ ದಾರಿ ಒಳ್ಳೆಯದೇ. ಆದರೆ ಅದು ಬ್ಯಾಂಕಿನ ಠೇವಣಿಯಲ್ಲ: ಸೀಟುಗಳು ಕಡಿಮೆ, ನಿಯಮ ಬದಲಿಸುವ ಅಧಿಕಾರ ಕಂಪನಿಯದು. ಕಿಂಗ್‌ಫಿಷರ್ ಕತೆ ಮರೆತವರಿಗೆ 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತುಹೋದದ್ದು ನೆನಪಿರಬೇಕು. ಕೂಡಿಡುವುದಕ್ಕಿಂತ ಬಳಸುವುದು ಲೇಸು.

ಪ್ರಯಾಣಿಕನ ಹಕ್ಕೊಂದು ಅನೇಕರಿಗೆ ತಿಳಿದಿಲ್ಲ. ಮೇಲ್ದರ್ಜೆಯ ಟಿಕೆಟ್ ಕೊಂಡವರನ್ನು ಕಂಪನಿ ತಾನಾಗಿ ಕೆಳದರ್ಜೆಗೆ ಇಳಿಸಿದರೆ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ 2023ರ ನಿಯಮದಂತೆ ಹಣ ಹಿಂತಿರುಗಿಸಬೇಕು. ಒಳನಾಡಿನ ಹಾರಾಟದಲ್ಲಿ ತೆರಿಗೆ ಸಹಿತ ಟಿಕೆಟ್ ದರದ ಶೇ 75. ವಿದೇಶಿ ಹಾರಾಟದಲ್ಲಿ 1,500 ಕಿ.ಮೀ.ವರೆಗೆ ಶೇ 30, 3,500 ಕಿ.ಮೀ.ವರೆಗೆ ಶೇ 50, ಅದಕ್ಕೂ ಮಿಗಿಲಾದರೆ ಶೇ 75. ಬೆಂಗಳೂರಿನಿಂದ ಹೊರಟ ಸಿಂಗಪುರದ ಪ್ರಯಾಣಿಕ ಎರಡನೆಯ ವರ್ಗಕ್ಕೆ, ಟೋಕಿಯೊದವರು ಮೂರನೆಯದಕ್ಕೆ ಸೇರುತ್ತಾರೆ.

ಆರೋಗ್ಯದ ಮಾತನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳಬೇಕು. ನಾಲ್ಕು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಕದಲದೆ ಕುಳಿತು ಪ್ರಯಾಣಿಸಿದರೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಬಸ್ಸು, ರೈಲು, ಕಾರಿಗೂ ಇದು ಅನ್ವಯಿಸುತ್ತದೆ. ಒಟ್ಟಾರೆ ಅಪಾಯ ಚಿಕ್ಕದೇ. ಹಾಸಿಗೆ ಕೊಂಡ ಮಾತ್ರಕ್ಕೆ ಅದು ತಪ್ಪುವುದೂ ಇಲ್ಲ, ಆಗಾಗ ಎದ್ದು ಓಡಾಡಬೇಕು. ಹಾಸಿಗೆ ಕೊಡುವುದು ನಿದ್ದೆಯನ್ನು. ಕಾಲು ಚಾಚುವ ನೆಮ್ಮದಿಯನ್ನು.

ಕೊನೆಗೆ ನಾವು ಆರಿಸಿಕೊಂಡದ್ದು ಮಿಶ್ರ ದಾರಿ. ಹೋಗುವಾಗ ರಾತ್ರಿ, ಹಾಗಾಗಿ ಹಾಸಿಗೆ. ಬರುವಾಗ ನಮ್ಮ ಗಡಿಯಾರದ ಪ್ರಕಾರ ಹಗಲು, ಹಾಗಾಗಿ ಸಾಮಾನ್ಯ ಆಸನ. ಅವ್ವ ಒಪ್ಪಿದಳು, ಒಂದೇ ಷರತ್ತಿನ ಮೇಲೆ: ದರವನ್ನು ಊರಿನಲ್ಲಿ ಯಾರಿಗೂ ಹೇಳಕೂಡದು. ಆ ಮಾತನ್ನು ಇಲ್ಲಿಯೂ ಉಳಿಸಿಕೊಂಡಿದ್ದೇನೆ.

ಆ ಸಂಕೋಚವೇ ನಾವು ದಾಟಬೇಕಾದ ಗಡಿ. ದೊಡ್ಡಸ್ತಿಕೆಗಾಗಿ ಮುಂದಿನ ಸಾಲಿನಲ್ಲಿ ಕೂರುವುದು ಎಷ್ಟು ವ್ಯರ್ಥವೋ, ಕೈಯಲ್ಲಿ ದುಡ್ಡಿದ್ದೂ ಹಿರಿಯ ಜೀವವೊಂದನ್ನು ರಾತ್ರಿಯಿಡೀ ಕೂರಿಸಿ ಕರೆದೊಯ್ಯುವುದು ಅಷ್ಟೇ ವ್ಯರ್ಥ. ಮೊದಲು ಗಂಟೆಗಳನ್ನು ಎಣಿಸೋಣ, ಆಮೇಲೆ ರೂಪಾಯಿಗಳನ್ನು.