ಓದಿದ ಊರು ತೆರೆಯ ಮೇಲೆ ಸಿಗದಾಗ

ಮೆಚ್ಚಿನ ಕಾದಂಬರಿಯೊಂದು ಚಲನಚಿತ್ರವಾಗುತ್ತಿದೆ ಎಂಬ ಸುದ್ದಿ ಬಂದ ದಿನ ಓದುಗನ ಮನಸ್ಸಿನಲ್ಲಿ ಸಂತೋಷಕ್ಕಿಂತ ಮೊದಲು ಹುಟ್ಟುವುದು ದಿಗಿಲು. ಮಗಳನ್ನು ಗುರುತಿಲ್ಲದ ಮನೆಗೆ ಕೊಡುವ ತಂದೆಯ ದಿಗಿಲಿಗೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ. ಚಿತ್ರ ತೆರೆ ಕಂಡ ಮೇಲೆ ‘ಪುಸ್ತಕದಷ್ಟು ಚೆನ್ನಾಗಿ ಬಂದಿಲ್ಲ’ ಎಂಬ ಮಾತು ತಪ್ಪದೆ ಕೇಳಿಬರುತ್ತದೆ. ಕನ್ನಡದಲ್ಲಿ ಕಾದಂಬರಿ ಆಧಾರಿತ ಚಿತ್ರಗಳ ಪರಂಪರೆ ಎಷ್ಟು ದೀರ್ಘವೋ ಈ ದೂರಿನ ಪರಂಪರೆಯೂ ಅಷ್ಟೇ ದೀರ್ಘ. ಆದರೆ ಈ ನಿರಾಶೆಯ ಮೂಲವೆಲ್ಲಿದೆ ಎಂಬುದನ್ನು ನಾವು ಸಾಕಷ್ಟು ವಿಚಾರಿಸಿದಂತಿಲ್ಲ.

ನಮ್ಮಲ್ಲಿ ಎಲ್ಲರಿಗೂ ನೆನಪಿರುವ ಪ್ರಸಂಗ ‘ನಾಗರಹಾವು’. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’ ಮತ್ತು ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಂದುಗೂಡಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ಚಿತ್ರ ಮಾಡಿದರು. ಅದು ಅಪಾರ ಜನಪ್ರಿಯತೆ ಗಳಿಸಿತು. ವಿಷ್ಣುವರ್ಧನ್ ನಾಯಕರಾಗಿ ನೆಲೆ ನಿಂತದ್ದು ಆ ಚಿತ್ರದಿಂದ. ಕೆ.ಎಸ್. ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರು ನಾಡಿನ ಮನೆಮನೆಗೂ ಮೇಷ್ಟ್ರಾದರು. ಆದರೆ ಮೂಲ ಲೇಖಕರಿಗೆ ತೃಪ್ತಿಯಾಗಲಿಲ್ಲ. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ತ.ರಾ.ಸು. ನೊಂದುಕೊಂಡರೆಂಬ ಮಾತು ಅರ್ಧ ಶತಮಾನ ಕಳೆದರೂ ಚಾಲ್ತಿಯಲ್ಲಿದೆ. ಚಿತ್ರ ಗೆದ್ದಿದೆ, ಪ್ರೇಕ್ಷಕ ಮೆಚ್ಚಿದ್ದಾನೆ, ಆದರೂ ಬರೆದವನಿಗೆ ಮತ್ತು ಮೊದಲೇ ಓದಿದವನಿಗೆ ಏನೋ ಕಳೆದುಹೋದಂತಾಗಿದೆ. ಆ ‘ಏನೋ’ ಯಾವುದು?

ಸಾಮಾನ್ಯವಾಗಿ ಸಿಗುವ ಉತ್ತರ ‘ಬಹಳಷ್ಟನ್ನು ಕತ್ತರಿಸಿಬಿಟ್ಟರು’ ಎಂಬುದು. ಇದರಲ್ಲಿ ಸತ್ಯಾಂಶವಿದೆ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ 1936ರ ಕಾದಂಬರಿ. ನೂರಾರು ಪುಟಗಳುದ್ದಕ್ಕೂ ಹಬ್ಬಿದ ಆ ಕಾಡನ್ನು, ಆ ಮನೆತನಗಳನ್ನು, ಆಳುಮಕ್ಕಳ ಕೇರಿಗಳನ್ನು ಗಿರೀಶ ಕಾರ್ನಾಡರು 1999ರಲ್ಲಿ ಒಂದು ಚಿತ್ರದ ಅವಧಿಗೆ ಇಳಿಸಬೇಕಾಯಿತು. ಅದೇ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ರಂಗಕ್ಕೆ ಬಂದಾಗ ಸುಮಾರು ಒಂಬತ್ತು ಗಂಟೆಗಳ ಕಾಲ, ಇಡೀ ರಾತ್ರಿ ನಡೆಯಿತು. ಪ್ರೇಕ್ಷಕರು ಒಂದು ರಂಗಸ್ಥಳದಿಂದ ಇನ್ನೊಂದಕ್ಕೆ ಎದ್ದು ನಡೆದರು. ಬಯಲಾಟ ನೋಡಿ ಬೆಳೆದ ನಾಡಿಗೆ ಆ ನಿದ್ದೆಗೇಡು ಹೊಸದಾಗಿರಲಿಲ್ಲ. ಮಹಾಕಾದಂಬರಿಗೆ ಬೇಕಾದ ಕಾಲವನ್ನು ರಂಗಭೂಮಿ ಕೊಡಬಲ್ಲದು, ಚಿತ್ರಮಂದಿರ ಕೊಡಲಾರದು.

ಪೂರ್ಣಚಂದ್ರ ತೇಜಸ್ವಿ ಅವರ ‘ಅಬಚೂರಿನ ಪೋಸ್ಟಾಫೀಸು’ ಎಂಬ ಒಂದೇ ಕಥಾಸಂಕಲನವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅದರ ಶೀರ್ಷಿಕೆಯ ಕಥೆಯನ್ನು ಎನ್. ಲಕ್ಷ್ಮೀನಾರಾಯಣ್ 1973ರಲ್ಲಿ ಚಿತ್ರವಾಗಿಸಿದರು. ‘ತಬರನ ಕಥೆ’ 1986ರಲ್ಲಿ ಗಿರೀಶ ಕಾಸರವಳ್ಳಿ ಅವರ ಕೈಯಲ್ಲಿ ಸ್ವರ್ಣಕಮಲ ಪಡೆಯಿತು. ‘ಕುಬಿ ಮತ್ತು ಇಯಾಲ’ವನ್ನು ಸದಾನಂದ ಸುವರ್ಣ ತೆರೆಗೆ ತಂದರು. 2023ರಲ್ಲಿ ‘ಡೇರ್‌ಡೆವಿಲ್ ಮುಸ್ತಫಾ’ ಬಂದಾಗ ತೇಜಸ್ವಿ ಅವರ ಅಭಿಮಾನಿ ಓದುಗರೇ ಹಣ ಕೂಡಿಸಿ ನಿರ್ಮಾಪಕರಾಗಿದ್ದರು. ಕಾಸರವಳ್ಳಿ ಅವರ ‘ಘಟಶ್ರಾದ್ಧ’ವೂ ಅನಂತಮೂರ್ತಿಯವರ ಕಥೆಯಿಂದಲೇ ಹುಟ್ಟಿದ್ದು. ಸಣ್ಣ ಕಥೆಯಲ್ಲಿ ಲೇಖಕ ಮೊದಲೇ ಬಹಳಷ್ಟನ್ನು ಹೇಳದೆ ಬಿಟ್ಟಿರುತ್ತಾನೆ. ನಿರ್ದೇಶಕನಿಗೆ ಕತ್ತರಿಸುವ ಕೆಲಸಕ್ಕಿಂತ ತುಂಬುವ ಕೆಲಸ ಹೆಚ್ಚು. ಕಳೆದುಕೊಂಡ ಭಾವ ಓದುಗನಿಗೆ ಬರುವುದು ಕಡಿಮೆ.

ಹಾಗಾದರೆ ಇದೆಲ್ಲ ಬರಿಯ ಉದ್ದಳತೆಯ ಲೆಕ್ಕವೇ? ಇರಲಾರದು. ಆರ್.ಕೆ. ನಾರಾಯಣ್ ಅವರ ‘ದಿ ಗೈಡ್’ ದೊಡ್ಡ ಗಾತ್ರದ ಕಾದಂಬರಿಯೇನೂ ಅಲ್ಲ. 1965ರಲ್ಲಿ ವಿಜಯ್ ಆನಂದ್ ನಿರ್ದೇಶನದಲ್ಲಿ, ದೇವ್ ಆನಂದ್ ನಾಯಕತ್ವದಲ್ಲಿ ಅದು ಹಿಂದಿ ಚಿತ್ರವಾಯಿತು. ಎಸ್.ಡಿ. ಬರ್ಮನ್ ಅವರ ಸಂಗೀತದ ಆ ಚಿತ್ರವನ್ನು ಮೆಚ್ಚದವರು ವಿರಳ. ಆದರೆ ಚಿತ್ರತಂಡಕ್ಕೆ ಮೈಸೂರು ಸೀಮೆಯ ತಾಣಗಳನ್ನು ಸ್ವತಃ ಸುತ್ತಾಡಿ ತೋರಿಸಿದ ನಾರಾಯಣ್, ಕೊನೆಗೆ ತಮ್ಮ ಮಾಲ್ಗುಡಿ ರಾಜಸ್ಥಾನದ ಕೋಟೆ ಅರಮನೆಗಳ ನಡುವೆ ಹೋಗಿ ಕುಳಿತದ್ದನ್ನು ಕಂಡರು. ತಮ್ಮ ಅಸಮಾಧಾನವನ್ನು ‘ದಾರಿ ತಪ್ಪಿದ ಗೈಡ್’ ಎಂಬರ್ಥದ ಶೀರ್ಷಿಕೆಯ ಪ್ರಬಂಧದಲ್ಲಿ ತಮ್ಮ ಎಂದಿನ ತಿಳಿಹಾಸ್ಯದೊಡನೆ ದಾಖಲಿಸಿದರು.

ಸ್ಥಳಾಂತರಕ್ಕಿಂತಲೂ ನನ್ನನ್ನು ಕಾಡುವುದು ಅದರ ಕೊನೆ. ಬರ ಬಿದ್ದ ಹಳ್ಳಿಯಲ್ಲಿ ಸಾಧುವೆಂದು ನಂಬಿಸಲ್ಪಟ್ಟ ರಾಜು ಮಳೆಗಾಗಿ ಉಪವಾಸ ಕೂರುತ್ತಾನೆ. ಕಾದಂಬರಿಯಲ್ಲಿ ದೂರದ ಬೆಟ್ಟಗಳಲ್ಲಿ ಮಳೆಯಾಗುತ್ತಿದೆ ಎಂದು ಅವನಿಗೆ ಅನಿಸುತ್ತದೆ, ಅಷ್ಟೇ. ಮಳೆ ಬಂತೋ ಇಲ್ಲವೋ, ಅವನು ಬದುಕಿದನೋ ಇಲ್ಲವೋ ಎಂಬುದನ್ನು ನಾರಾಯಣ್ ನಮಗೇ ಬಿಟ್ಟಿದ್ದಾರೆ. ಚಿತ್ರದಲ್ಲಿ ಮಳೆ ಧಾರಾಕಾರವಾಗಿ ಸುರಿಯುತ್ತದೆ.

ನಾನಿರುವ ಅಳ್ನಾವರ ಮಲೆನಾಡಿನ ಅಂಚಿನ ಊರು. ಲೋಂಡಾ ಕಡೆಯಿಂದ ಮೋಡ ಕವಿದು ಇಲ್ಲಿ ಜಡಿಮಳೆ ಹಿಡಿದ ದಿನವೇ ಇದೇ ಜಿಲ್ಲೆಯ ಪೂರ್ವಕ್ಕಿರುವ ನವಲಗುಂದದ ಎರೆಹೊಲಗಳಲ್ಲಿ ರೈತ ಮುಗಿಲು ನೋಡುತ್ತ ನಿಂತಿರಬಹುದು. ಬೆಟ್ಟದಲ್ಲಿ ಮಳೆಯಾಯಿತೆಂದರೆ ಹೊಲಕ್ಕೆ ಮಳೆಯಾಯಿತೆಂದಲ್ಲ ಎಂಬುದು ಧಾರವಾಡ ಜಿಲ್ಲೆಯ ಯಾವ ಒಕ್ಕಲಿಗನಿಗೂ ಹೇಳಿಕೊಡಬೇಕಾಗಿಲ್ಲ. ಆ ಕೊನೆಯ ಪುಟ ಓದುವಾಗ ನನ್ನ ಕಣ್ಣೆದುರು ಬಂದದ್ದು ಈ ಮುಗಿಲು, ಈ ಅನುಮಾನ. ನಾರಾಯಣ್ ಬಿಟ್ಟ ಖಾಲಿ ಜಾಗದಲ್ಲಿ ನಾನು ನನ್ನ ಊರನ್ನು ಇಟ್ಟುಕೊಂಡಿದ್ದೆ. ಚಿತ್ರ ಮಳೆ ಸುರಿಸಿ ಆ ಜಾಗವನ್ನು ತುಂಬಿಬಿಟ್ಟಿತು. ನಮ್ಮ ನಿರಾಶೆಯ ಬೇರು ಇಲ್ಲಿದೆ ಎಂದು ನನಗೆ ತೋರುತ್ತದೆ. ಪುಸ್ತಕದಲ್ಲಿದ್ದುದನ್ನು ಸಿನಿಮಾ ತೆಗೆದುಹಾಕಿದರೆ ನಾವು ಸಹಿಸಿಕೊಂಡೇವು. ಪುಸ್ತಕದಲ್ಲಿ ನಾವು ಇಟ್ಟುಕೊಂಡಿದ್ದನ್ನು ತೆಗೆದುಹಾಕಿದರೆ ಸಹಿಸಲಾರೆವು.

ಅದೇ ನಾರಾಯಣ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿ 1980ರ ದಶಕದಲ್ಲಿ ದೂರದರ್ಶನಕ್ಕೆ ಕೊಟ್ಟರು. ಆಗುಂಬೆ ನಾರಾಯಣ್ ಕಲ್ಪಿಸಿದ ಬಯಲುಸೀಮೆಯ ಪಟ್ಟಣವಲ್ಲ. ಇಂಗ್ಲಿಷಿನಲ್ಲಿ ಹುಟ್ಟಿದ ಸ್ವಾಮಿ ಅಲ್ಲಿ ಹಿಂದಿಯಲ್ಲಿ ಮಾತನಾಡಿದ. ನಿಷ್ಠೆಯ ಲೆಕ್ಕ ಹಾಕಿದರೆ ದೂರುವುದಕ್ಕೆ ‘ಗೈಡ್’ಗಿಂತ ಹೆಚ್ಚೇ ಕಾರಣಗಳಿದ್ದವು. ಆದರೂ ಕನ್ನಡಿಗರು ಆ ಹುಡುಗನನ್ನು ನಮ್ಮವನೆಂದೇ ಒಪ್ಪಿಕೊಂಡರು. ಧಾರಾವಾಹಿಗೆ ರೈಲು ನಿಲ್ದಾಣವಾಗಿ ಒದಗಿದ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವೇ ಆಯಿತು. ಶಂಕರ್‌ನಾಗ್ ಉಳಿಸಿಕೊಂಡದ್ದು ಆ ಬದುಕಿನ ಅಳತೆಯನ್ನು. ಪುಟ್ಟ ಬೀದಿ, ಪುಟ್ಟ ಆಸೆ, ಪುಟ್ಟ ಅವಮಾನ. ಯಾವುದನ್ನೂ ಹಿಗ್ಗಿಸಲಿಲ್ಲ, ಮೆರೆಸಲಿಲ್ಲ. ನೋಡುವವನು ತನ್ನ ಊರನ್ನು, ತನ್ನ ಶಾಲೆಯನ್ನು ಅಲ್ಲಿ ಇಟ್ಟುಕೊಳ್ಳುವಷ್ಟು ಜಾಗ ಉಳಿಯಿತು. ಓದುಗ ಬಯಸುವ ನಿಷ್ಠೆ ಇದು.

ಒಳ್ಳೆಯ ಚಿತ್ರವೂ ಈ ಜಾಗವನ್ನು ಪೂರ್ತಿಯಾಗಿ ಕೊಡಲಾರದು ಎಂಬುದಕ್ಕೆ ‘ಸಂಸ್ಕಾರ’ವೇ ನಿದರ್ಶನ. ಅನಂತಮೂರ್ತಿಯವರ ಆ ಕಾದಂಬರಿಯನ್ನು 1965ರಲ್ಲಿ ಪ್ರಕಟಿಸಿದ್ದು ಧಾರವಾಡದ ಮನೋಹರ ಗ್ರಂಥಮಾಲೆ. ನಾನು ಓದಿದ ಪ್ರತಿಯೂ ಧಾರವಾಡದಿಂದಲೇ ರೈಲಿನಲ್ಲಿ ನಮ್ಮೂರಿಗೆ ಬಂದದ್ದು. ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿ, ಕಾರ್ನಾಡರು ಪ್ರಾಣೇಶಾಚಾರ್ಯರಾಗಿ, ಪಿ. ಲಂಕೇಶ್ ನಾರಣಪ್ಪನಾಗಿ ನಟಿಸಿದ 1970ರ ಚಿತ್ರ ಸೆನ್ಸಾರ್ ಮಂಡಳಿಯ ನಿಷೇಧವನ್ನು ದಾಟಿ ಸ್ವರ್ಣಕಮಲ ಗಳಿಸಿತು. ಪ್ರಶಸ್ತಿ ಚಿತ್ರಗಳು ನಮ್ಮಂಥ ಊರುಗಳ ಟಾಕೀಸಿಗೆ ಬರುವುದು ಅಪರೂಪ. ಬಹಳ ವರ್ಷಗಳ ಮೇಲೆ ಅದನ್ನು ದೂರದರ್ಶನದಲ್ಲಿ ನನ್ನೊಡನೆ ನೋಡಿದ ನೆರೆಮನೆಯ ರೈಲ್ವೆ ನೌಕರರೊಬ್ಬರು ಆಡಿದ ಮಾತು ಇಂದಿಗೂ ಕಿವಿಯಲ್ಲಿದೆ. ‘ಪುಸ್ತಕದಾಗ ಆಚಾರ್ರ ಜೋಡಿ ನಾನೂ ವಿಚಾರ ಮಾಡತಿದ್ದೆರಿ. ಇಲ್ಲಿ ಅವರು ವಿಚಾರ ಮಾಡೂದನ್ನ ನೋಡಕೋತ ಕುಂತೆ.’ ಚಿತ್ರವನ್ನು ಅವರು ಹಳಿಯಲಿಲ್ಲ. ಅಗ್ರಹಾರದ ಆ ಮೌನವನ್ನು, ಆ ಮುಖಗಳನ್ನು ಮೆಚ್ಚಿಕೊಂಡೇ ಹೀಗೆ ಹೇಳಿದರು. ಓದುವಾಗ ನಾವು ಪಾತ್ರದ ಒಳಗೆ ಇರುತ್ತೇವೆ, ನೋಡುವಾಗ ಎದುರಿಗೆ ಇರುತ್ತೇವೆ. ವಿಮರ್ಶಕರು ಪುಟಗಟ್ಟಲೆ ಬರೆಯುವ ಮಾತನ್ನು ಅವರು ಎರಡು ವಾಕ್ಯದಲ್ಲಿ ಮುಗಿಸಿದ್ದರು.

ಇಷ್ಟರಲ್ಲೇ ಇದ್ದರೆ ಇದು ರಸಿಕರ ತಕರಾರು ಎಂದು ಸುಮ್ಮನಾಗಬಹುದಿತ್ತು. ಆದರೆ ಈಚೆಗೆ ನನ್ನನ್ನು ಕಳವಳಕ್ಕೆ ದೂಡಿರುವುದು ಬೇರೆಯೇ ಸಂಗತಿ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದ ಮೇಲೂ ಹುಡುಗರು ಸಿಕ್ಕಾಗ ಏನು ಓದುತ್ತಿದ್ದೀರಿ ಎಂದು ಕೇಳುವ ಅಭ್ಯಾಸ ನನ್ನದು. ಕನ್ನಡ ಸ್ನಾತಕೋತ್ತರ ಪದವಿಗೆ ಸೇರಿರುವ ಒಬ್ಬನನ್ನು ‘ಸಂಸ್ಕಾರ’ ಓದಿದ್ದೀಯಾ ಎಂದು ಕೇಳಿದೆ. ‘ಇಲ್ರೀ ಸರ್, ಮೊಬೈಲ್‌ನ್ಯಾಗ ನೋಡೇನ್ರಿ. ಕಥಿ ಗೊತ್ತೈತ್ರಿ’ ಎಂದ. ಜಾಣ ಹುಡುಗ, ಸುಳ್ಳು ಹೇಳಲಿಲ್ಲ. ಕಥೆ ಅವನಿಗೆ ನಿಜಕ್ಕೂ ಗೊತ್ತಿತ್ತು. ಆದರೆ ಪ್ರಾಣೇಶಾಚಾರ್ಯರ ಒಳಗೆ ಅವನು ಒಂದು ಕ್ಷಣವೂ ಇರಲಿಲ್ಲ. ಇನ್ನು ಮುಂದೆ ಪುಸ್ತಕ ತೆರೆದರೂ ಆಚಾರ್ಯರಿಗೆ ಅವನು ತನ್ನದೇ ಮುಖವೊಂದನ್ನು ಕೊಡಲಾರ. ರಾಮಾಚಾರಿಗೆ ವಿಷ್ಣುವರ್ಧನ್ ಅಲ್ಲದ ಮುಖವನ್ನು ನಾವು ಯಾರಾದರೂ ಇಂದು ಕಲ್ಪಿಸಿಕೊಳ್ಳಬಲ್ಲೆವೇ? ಮೊದಲು ಓದಿದವನಿಗೆ ಎರಡು ರಾಮಾಚಾರಿಗಳಿದ್ದಾರೆ. ಮೊದಲು ನೋಡಿದವನಿಗೆ ಒಬ್ಬನೇ.

ಹಾಗೆಂದು ಕಾದಂಬರಿಗಳನ್ನು ಚಿತ್ರ ಮಾಡಬಾರದೆಂದು ನಾನು ಹೇಳಲಾರೆ. ಸಾಹಿತ್ಯದಿಂದ ದೂರವಾದಾಗಲೆಲ್ಲ ನಮ್ಮ ಚಿತ್ರರಂಗ ಬಡವಾಗಿದೆ. ಪುನರುಜ್ಜೀವನಗೊಂಡ ‘ಘಟಶ್ರಾದ್ಧ’ದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಅಂಥ ಚಿತ್ರಗಳು ನಮ್ಮ ಕಾಲೇಜುಗಳಿಗೂ ಬರಲಿ. ಆದರೆ ಪ್ರದರ್ಶನಕ್ಕೆ ಒಂದು ವಾರ ಮೊದಲು ಮೂಲ ಕಥೆ ವಿದ್ಯಾರ್ಥಿಯ ಕೈಗೆ ಹೋಗಲಿ. ನೋಡಿದ ಮೇಲೆ ನಿರ್ದೇಶಕ ಏನನ್ನು ಬಿಟ್ಟ, ಏನನ್ನು ಸೇರಿಸಿದ, ಯಾಕೆ ಎಂಬ ಚರ್ಚೆ ನಡೆಯಲಿ. ಸಣ್ಣ ಊರುಗಳ ಗ್ರಂಥಾಲಯಗಳ ಕಪಾಟಿನಲ್ಲಿ ಕನಿಷ್ಠ ಚಿತ್ರವಾದ ಕೃತಿಗಳಾದರೂ ಸಿಗುವಂತಿರಲಿ. ಆಸ್ತಿ ತೆರಿಗೆಯೊಡನೆ ನಾವು ಕಟ್ಟುವ ಗ್ರಂಥಾಲಯ ಕರಕ್ಕೆ ಅಷ್ಟು ಪ್ರತಿಫಲ ಕೇಳುವುದು ಅತಿಯಾಸೆಯಲ್ಲ.

‘ಪುಸ್ತಕದಷ್ಟು ಚೆನ್ನಾಗಿಲ್ಲ’ ಎಂದು ಗೊಣಗುತ್ತ ಚಿತ್ರಮಂದಿರದಿಂದ ಹೊರಬರುವವರನ್ನು ಕಂಡರೆ ನನಗೆ ಈಗೀಗ ಸಮಾಧಾನವೇ ಆಗುತ್ತದೆ. ಹಾಗೆ ನಿರಾಶೆಗೊಳ್ಳಬೇಕಾದರೆ ಮೊದಲು ಓದಿರಬೇಕು. ಯಾರೊಬ್ಬರೂ ನಿರಾಶರಾಗದ ದಿನ ಬಂದರೆ, ಅಂದು ಚಿತ್ರಗಳೆಲ್ಲ ಉತ್ತಮವಾದವೆಂದು ಸಂಭ್ರಮಿಸುವ ಮೊದಲು ಓದುಗರು ಉಳಿದಿದ್ದಾರೆಯೇ ಎಂದು ಎಣಿಸಿ ನೋಡಬೇಕಾದೀತು.